ಮೂರು ಮೂಟೆ ರಾಗಿ, ಹದಿನೇಳರ ಮಗ್ಗಿ

ಬನ್ನಿ, ಜಗಲಿ ಮೇಲೆ ಕಾಲು ಮಡಚ್ಕೊಂಡು ಕೂತ್ಕೊಳ್ಳಿ, ಹೇಳ್ತೀನಿ. ಫೋನಿನೊಳಕ್ಕೆ ಸ್ಕೂಲು ಬಂತು ನೋಡಿ, ಅವತ್ತಿಂದ ನಮ್ಮನೇಲಿ ಇಂಥವು ಒಂದಾ ಎರಡಾ! ಕಟ್ಟೆಮಳಲವಾಡಿ ಪಕ್ಕದ ಹಳ್ಳಿ ನಮ್ಮದು. ಕೊರೊನಾ ಬಂದು ಸ್ಕೂಲು ಮುಚ್ಚಿದಾಗ ಮೊಮ್ಮಗಳು ನಾಲ್ಕನೇ ಕ್ಲಾಸು. ಮಹಾ ನಾಚಿಕೆ ಹುಡುಗಿ. ಮನೆಗೆಲ್ಲ ಒಂದೇ ಫೋನು.

ಮೆದೆ ಮೇಲಿನ ಕ್ಲಾಸು

ನೆಟ್‌ವರ್ಕು ಸಿಗ್ತಿದ್ದದ್ದು ಹಿತ್ತಲ ಹುಲ್ಲಿನ ಮೆದೆ ಮೇಲೆ ಮಾತ್ರ. ಸೊಸೆ ಮಗೂನ ಮೇಲೆ ಹತ್ತಿಸಿ, ಕೆಳಗೆ ಏಣಿ ಹಿಡ್ಕೊಂಡು ನಿಂತ್ಲು.

“ಎಲ್ಲಿ ಕೂತಿದ್ದೀಯಮ್ಮ?” ಮಿಸ್ಸು ಕೇಳಿದ್ರು.

“ಮೆದೆ ಮೇಲೆ ಮಿಸ್.”

“ಬಿದ್ದುಬಿಟ್ಟೀಯ, ಮೊದಲು ಇಳಿ!”

“ಇಳಿದ್ರೆ ನೀವು ಹೊಂಟೋಯ್ತೀರ ಮಿಸ್!”

ಹಾಜರಿ

ಒಂದಿನ ನನ್ನ ಮಗ ಫೋನು ಜೇಬಿಗಿಟ್ಕೊಂಡು ಹುಣಸೂರಿಗೆ ಹೋಗ್ಬಿಟ್ಟ. ಹೋಟ್ಲಲ್ಲಿ ಕೂತಾಗ ಕ್ಲಾಸಿನ ಜ್ಞಾಪಕ ಬಂತು. ಗಡಿಬಿಡೀಲಿ ಮುಖ ಕಾಣದಂಗೆ ಮಾಡಿ ಕ್ಲಾಸು ಒತ್ತಿದ. ಮಿಸ್ಸು ಮಗಳ ಹೆಸರು ಕೂಗಿದ್ದೇ ತಡ, ದನಿ ಸಣ್ಣ ಮಾಡ್ಕೊಂಡು “ಯೆಸ್ ಮಿಸ್” ಅಂದ.

“ಗಂಟಲಿಗೇನಾಯ್ತಮ್ಮ?”

“ನೆಗಡಿ ಮಿಸ್.”

ಅಷ್ಟರಲ್ಲಿ ಹೋಟ್ಲಿನೋನು, “ಗೌಡ್ರೇ, ಬೋಂಡ ಇನ್ನೊಂದು ಪ್ಲೇಟು ಕೊಡ್ಲಾ?”

ಬಾಯಿ ಪರೀಕ್ಷೆ

ಮಿಸ್ಸಿಗೆ ಸಿಟ್ಟು ಬಂತು. “ಶುಕ್ರವಾರ ಬಾಯಿ ಪರೀಕ್ಷೆ. ಹದಿನೇಳರ ಮಗ್ಗೀನ ಮಗೂನೇ ಹೇಳ್ಬೇಕು, ಇಲ್ದಿದ್ರೆ ಸೊನ್ನೆ” ಅಂದ್ಬುಟ್ರು. ಮಗು ಎರಡು ದಿನ ಸರಿಯಾಗಿ ಉಣ್ಲಿಲ್ಲ.

ಶುಕ್ರವಾರ ಮಗು ಮೆದೆ ಮೇಲೆ ಹುಲ್ಲು ಬಿಗಿಯಾಗಿ ಹಿಡ್ಕೊಂಡು ಕೂತಿದೆ. ಕೆಳಗಿಂದ ಮಗ “ಹೇಳು ಕಣವ್ವ” ಅಂತಾನೆ, ಸೊಸೆ “ಹೆದರ್ಬೇಡ ಕಣಮ್ಮಿ” ಅಂತಾಳೆ, ನಾನು ಇರೋಬರೋ ದೇವರನ್ನೆಲ್ಲ ಕೂಗ್ತಿದ್ದೀನಿ. ಫೋನಿಂದ ಮಿಸ್ಸು, “ಏನು ಗಲಾಟೆ! ಇವಳ ಸರದಿ ಬರೋತನಕ ಮನೆಯವರು ಬೇಗ ಮ್ಯೂಟ್ ಮಾಡಿ!” ಅಂದ್ರು.

ನನ್ನ ಕಿವಿಗೆ ಬಿದ್ದದ್ದು ‘ಮೂಟೆ’. ಮೆದೆ ಪಕ್ಕದಲ್ಲೇ ರಾಗಿ ಒಣಗೋಕೆ ಹರಡಿತ್ತಲ್ಲ! ಮಳೆ ಬರೋ ವಿಷಯ ಫೋನಿಗೆ ಮೊದಲೇ ಗೊತ್ತಾಯ್ತದೆ ಅಂತ ಮಗ ಹೇಳ್ತಿದ್ದ.

“ಲೇ ಅಮ್ಮಿ, ಮಿಸ್ಸು ಮೂಟೆ ಮಾಡಿ ಅಂತಾವ್ರೆ, ಮಳೆ ಬರ್ತದೆ, ಚೀಲ ತತ್ತಾ!” ಅಂದೆ ಸೊಸೆಗೆ.

ಮಳೆ ಅಂದದ್ದೇ ತಡ, ಮೂವರೂ ಬಿದ್ದೂ ಎದ್ದೂ ತುಂಬಿದ್ವಿ.

“ಇನ್ನೂ ಮ್ಯೂಟ್ ಆಗಿಲ್ಲ!” ಮಿಸ್ಸು ಗದರಿದ್ರು.

“ಎರಡು ಮೂಟೆ ಆಯ್ತು ಮಿಸ್ಸಮ್ಮಾ, ಮೂರನೇದು ಕಟ್ತಾ ಇದ್ದೀವಿ!” ನಾನು ಕೂಗಿದೆ.

ಮೇಲೆ ಮಗು ಕಿಸಕ್ಕಂತ ನಕ್ತು. ಮಿಸ್ಸಿಗೂ ನಗು ತಡೀಲಿಲ್ಲ. “ಒಂದು ಮೂಟೇಲಿ ಹದಿನೇಳು ಸೇರು ಇದ್ರೆ ಮೂರು ಮೂಟೇಲಿ ಎಷ್ಟಮ್ಮ?”

“ಐವತ್ತೊಂದು ಮಿಸ್!” ಅಂದೋಳು, ಅಲ್ಲಿಂದ ನೂರೆಪ್ಪತ್ತರವರೆಗೂ ಒಂದೇ ಉಸುರಿಗೆ ಹೇಳಿ ಮುಗಿಸಿದ್ಲು!

ಈಗ ಅವಳು ಹೈಸ್ಕೂಲು, ಬಾಯಿ ಮುಚ್ಚೋದೇ ಇಲ್ಲ. ಮಗ ಅವಳಿಗಂತ್ಲೇ ಇನ್ನೊಂದು ಫೋನು ತಂದ. ಸೊಸೆ ಅಕ್ಕಪಕ್ಕದ ಮಕ್ಕಳಿಗೂ ಫೋನಲ್ಲಿ ಕ್ಲಾಸು ಹಾಕ್ಕೊಡೋದು ಕಲ್ತ್ಲು. ಮಿಸ್ಸಿಗೆ ಪಿರಿಯಾಪಟ್ಟಣಕ್ಕೆ ವರ್ಗ ಆಯ್ತು. ನಾನಾ? ಅವತ್ತು ಮಳೆ ಬರ್ಲೇ ಇಲ್ಲ, ರಾಗಿ ಇನ್ನೂ ಹಸೀನೇ ಇತ್ತು. ಮಾರನೇ ದಿನ ಮೂರು ಮೂಟೇನೂ ಬಿಚ್ಚಿ, ಒಬ್ಳೇ ಮತ್ತೆ ಬಿಸಿಲಿಗೆ ಹರಡಿದೆ!