ತುಕ್ಕು ನೋಡಲು ಹೋದಲ್ಲೆಲ್ಲ

ಕಬ್ಬಿಣದ ಸೇತುವೆ, ಟವರು, ನೀರಿನ ಟ್ಯಾಂಕಿಗೆ ಹೊಡೆದ ಬಣ್ಣ ಗಟ್ಟಿಯಾಗಿದೆಯೋ, ಅಡಿಯಲ್ಲಿ ತುಕ್ಕು ಶುರುವಾಗಿದೆಯೋ ಅಂತ ನೋಡುತ್ತಾ ತಿರುಗುವುದು ನನ್ನ ಉದ್ಯೋಗ. ನಾನು ಸುಮ್ಮನೆ ಕಬ್ಬಿಣ ನೋಡಿಕೊಂಡಿದ್ದರೂ ಜನ ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ನಿಲ್ಕುಂದದ ಅಜ್ಜಿ

ನಿಲ್ಕುಂದದ ಹತ್ತಿರ ಹಳ್ಳ ದಾಟಲು ಒಂದು ಕಬ್ಬಿಣದ ಸಂಕ ಇದೆ. ಅದರ ಕಂಬಿಗೆ ಮೀಟರ್ ಒತ್ತಿ ಹಿಡಿದರೆ ‘ಟುಂಯ್’ ಎಂದು ಬಣ್ಣದ ದಪ್ಪ ತೋರಿಸುತ್ತದೆ. ಸಂಕ ದಾಟುತ್ತಿದ್ದ ಅಜ್ಜಿಯೊಬ್ಬರು ನಿಂತರು.

“ಎಂತ ಮಾಡ್ತಾ ಇದ್ಯೋ ತಮಾ?”

“ಬಣ್ಣ ಎಷ್ಟು ದಪ್ಪ ಇದ್ದು ಹೇಳಿ ನೋಡ್ತೆ ಅಜ್ಜಿ.”

“ಎನ್ನ ಕೈಗೂ ಒಂದ್ಸಲ ಹಿಡಿ, ನೋಡನ.”

ಬೇಡ ಅಂದರೆ ಕೇಳಲಿಲ್ಲ. ಹಿಡಿದೆ. ಮೀಟರ್ ಕಮಕ್ ಕಿಮಕ್ ಅನ್ನಲಿಲ್ಲ.

“ಎಂತೂ ತೋರ್ಸ್ತಿಲ್ಲೆ ಅಜ್ಜಿ. ಕಬ್ಬಿಣ ಇದ್ದರೆ ಮಾತ್ರ ಇದು ಕೂಗ್ತು.”

ಅಜ್ಜಿ ಕಣ್ಣರಳಿಸಿದರು. “ಅಯ್ಯೋ, ಎಷ್ಟು ಸಮಾ ಹೇಳ್ತು ಮಾರಾಯಾ! ಡಾಕ್ಟ್ರೂ ಅದನ್ನೇ ಹೇಳಿದ್ದ, ಮೈಯಲ್ಲಿ ಕಬ್ಬಿಣವೇ ಇಲ್ಲೆ ಹೇಳಿ!”

ಹಸಿ ಬಣ್ಣ

ಕೋಲಸಿರ್ಸಿಯಲ್ಲಿ ನೀರಿನ ಟ್ಯಾಂಕಿನ ಕಾಲಿಗೆ ನೀಲಿ ಬಣ್ಣ ಹೊಡೆಸಿ, ‘ಹಸಿ ಬಣ್ಣ, ಮುಟ್ಟಬೇಡಿ’ ಎಂದು ಬೋರ್ಡು ತೂಗುಹಾಕಿದ್ದೆವು. ಒಬ್ಬರು ಬಂದು ಬೋರ್ಡನ್ನು ಪೂರ್ತಿ ಓದಿ, ಅಂಗೈಯನ್ನೇ ಒತ್ತಿದರು.

“ಓದಿದ ಮೇಲೂ ಮುಟ್ಟಿದ್ರಲ್ಲ?” ಅಂದೆ.

“ಬೋರ್ಡು ಇವತ್ತಿನದೋ, ಹೋದ ವಾರದ್ದೋ ಗೊತ್ತಾಗಬೇಕಲ್ಲ? ಇವತ್ತಿನದೇ. ಸತ್ಯ ಬರೆದಿದೀರಿ,” ಎಂದು ಮೆಚ್ಚಿ ನನ್ನ ಬೆನ್ನು ತಟ್ಟಿ ಹೋದರು. ಅವತ್ತು ಹಾಕಿದ್ದ ನನ್ನ ಬಿಳಿ ಅಂಗಿಯ ಮೇಲೆ ಐದು ನೀಲಿ ಬೆರಳೂ ಇನ್ನೂ ಇವೆ.

ಯಲ್ಲಾಪುರದ ಲಾರಿ

ಯಲ್ಲಾಪುರದಾಚೆ ಹೆದ್ದಾರಿ ಸೇತುವೆಯಲ್ಲಿ ಹೊಳೆಯುವ ಜಾಕೀಟು, ಹೆಲ್ಮೆಟ್ಟು ಹಾಕಿಕೊಂಡು ಸಣ್ಣ ಸುತ್ತಿಗೆಯಿಂದ ಕಂಬಿ ಬಡಿದು ನೋಡುತ್ತಿದ್ದೆ. ಹುಬ್ಬಳ್ಳಿ ಕಡೆಯ ಲಾರಿಯೊಂದು ತಾನಾಗಿಯೇ ನಿಂತಿತು. ಡ್ರೈವರ್ ಕೆಳಗಿಳಿದು ಕೈಮುಗಿದ.

“ಸಾಹೇಬ್ರ, ಕಾಗದ ಎಲ್ಲಾ ಬರೋಬರಿ ಅದಾವ್ರಿ.”

“ನಾನು ಲಾರಿ ಹಿಡಿಯೋನಲ್ಲ ಮಾರಾಯಾ. ಬಣ್ಣದ ಕೆಳಗೆ ತುಕ್ಕು ಎಷ್ಟಿದೆ ಅಂತ ಬಡಿದು ನೋಡ್ತಾ ಇದ್ದೇನೆ.”

ಅವನ ಮುಖ ಇನ್ನಷ್ಟು ಬಿಳಿಚಿತು. ನನ್ನ ಕೈಯ ಸುತ್ತಿಗೆಯನ್ನೂ ತನ್ನ ಲಾರಿಯನ್ನೂ ನೋಡಿದ.

“ಹಂಗಾರ ಕಾಗದಾನ ನೋಡ್ರಿ ಸಾಹೇಬ್ರ. ಲಾರಿಗೆ ಮಾತ್ರ ಬಡೀಬ್ಯಾಡ್ರಿ. ಅದು ನಿಂತಿರೋದ ಬಣ್ಣದ ಮ್ಯಾಲೆ!”

ಶಿರಸಿಯ ಗೇಟು

ಶಿರಸಿಯಲ್ಲಿ ಅಣ್ಣನ ಜೊತೆ ಹೆಣ್ಣು ನೋಡಲು ಹೋಗಿದ್ದೆ. ಮನೆಯಲ್ಲಿ ಸಾರಿ ಸಾರಿ ಹೇಳಿ ಕಳಿಸಿದ್ದರು, “ಅಲ್ಲಿ ತುಕ್ಕಿನ ಸುದ್ದಿ ಎತ್ತಬೇಡ.” ಹಿಂದೆ ಎರಡು ಸಂಬಂಧ ಅದರಿಂದಲೇ ತಪ್ಪಿದ್ದವು.

ಜಗಲಿಯಲ್ಲಿ ಕುಳಿತೆ. ಹುಡುಗಿಯ ಅಪ್ಪ ಎದುರಿಗೆ ನಿಂತು ಉಪಚರಿಸುತ್ತಿದ್ದರು. ಅವರ ಹೆಗಲಿನಾಚೆ ಅಂಗಳದ ಗೇಟು. ನಾವು ಬರುತ್ತೇವೆಂದು ಕಪ್ಪು ಬಣ್ಣ ಬಳಿದಿದ್ದರು, ಅದೂ ಹಳೇ ತುಕ್ಕಿನ ಮೇಲೇ. ಕಣ್ಣು ಅಲ್ಲೇ ನೆಟ್ಟಿತು.

“ಎಂತ ತಮಾ, ಒಂದೇ ಸಮ ನೋಡ್ತಾ ಇದ್ದೆ?” ಎಂದರು ಅವರು.

ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. “ಬಣ್ಣ ಮೊನ್ನೆ ಹೊಡೆದದ್ದು ಅಲ್ದಾ? ಬುಡದಲ್ಲಿ ಆಗಲೇ ಹಳೇದು ಕಾಣ್ತಾ ಇದ್ದು.”

ಅಣ್ಣ ನನ್ನ ಕಾಲು ತುಳಿದ. ತುಕ್ಕಿನ ಸುದ್ದಿಗೆ ತುಳಿದನೆಂದುಕೊಂಡು, ಹಾಳಾದದ್ದು ಹೇಗೂ ಹಾಳಾಯಿತು, ಉಪಕಾರವಾದರೂ ಆಗಲಿ ಎಂದು ಮುಂದುವರಿಸಿದೆ.

“ಹೀಂಗೆ ಮೇಲಿಂದ ಬಳಿದರೆ ಒಂದು ಮಳೆಗೆ ಇಳಿದು ಹೋಗ್ತು. ಪೂರ್ತಿ ಕೆರೆದು, ಬೋಳು ಮಾಡಿ, ಆಮೇಲೆ ಹೊಡೀಬೇಕಿತ್ತು.”

“ಬೋಳು ಮಾಡಿಯಾ?” ಎಂದ ಅವರ ಕೈ ನಿಧಾನವಾಗಿ ತಲೆಯ ಮೇಲೆ ಹೋಯಿತು. ಆಗ ನೋಡಿದೆ. ಗೇಟಿನಷ್ಟೇ ಕಪ್ಪಗೆ ಮಿರಿಮಿರಿ ಮಿಂಚುವ ಕೂದಲು, ಕಿವಿಯ ಹತ್ತಿರ ಬೆಳ್ಳಗೆ ಬುಡ.

ಅಷ್ಟರಲ್ಲಿ ಅವಲಕ್ಕಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ಬಿದ್ದೂ ಬಿದ್ದೂ ನಗತೊಡಗಿದಳು. “ಅಪ್ಪಯ್ಯಾ, ಗೇಟಿಗೆ! ಹೇಳಿದ್ದು ಗೇಟಿಗೆ!”

ಆ ನಗುವಿಗೇ ನಾನು ಒಪ್ಪಿದೆ. ಈಗ ಆ ಗೇಟಿಗೆ ನಾನೇ ನಿಂತು ಉಜ್ಜಿಸಿ ಬಣ್ಣ ಹೊಡೆಸುತ್ತೇನೆ. ಮಾವ ಮಾತ್ರ ನಾನು ಬರುವ ಸುದ್ದಿ ಸಿಕ್ಕರೆ ಮನೆಯೊಳಗೂ ಟೊಪ್ಪಿ ತೆಗೆಯುವುದಿಲ್ಲ.