ಲಾಯ್ಡ್ ಬಾಯಿ ಮುಚ್ಚಿಕೊಂಡಿದ್ದ ದಿನ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಸಣ್ಣ ಪ್ರಶ್ನೆ. ಉಡುಪಿಯ ಕಡಿಯಾಳಿಯ ಹೆರಿಗೆ ಕ್ಲಿನಿಕ್ಕಿನಲ್ಲಿ ಮಿಡ್‌ವೈಫ್ ಹಫೀಝಾ ಸಿಸ್ಟರ್ ತಮ್ಮ ಪೆನ್ನಿನ ತುದಿಯನ್ನು ಜೆಸ್ಸಿಯ ಕಡೆಯಿಂದ ಅವಳ ಗಂಡ ಲಾಯ್ಡ್‌ನ ಕಡೆಗೆ ತಿರುಗಿಸಿ, "ನಿಮ್ಮ ಕಡೆಯಲ್ಲಿ ಯಾರಿಗಾದರೂ ಶುಗರ್ ಉಂಟಾ?" ಎಂದು ಕೇಳಿದರು.

ಲಾಯ್ಡ್ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆ ಮಾತ್ರ ಇತ್ತು.

"ನನ್ನ ಕಡೆಯಲ್ಲಾ?"

"ಮತ್ತೆ? ಮಗು ಅವರೊಬ್ಬರದ್ದೇ ಅಲ್ಲವಲ್ಲ."

ಈ ಮೊದಲ ಭೇಟಿಗೆ ಲಾಯ್ಡ್ ಬೇರೆಯೇ ತಯಾರಿ ಮಾಡಿಕೊಂಡು ಬಂದಿದ್ದ. ಇಸ್ತ್ರಿ ಹಾಕಿದ ಅಂಗಿ, ಎರಡು ಕರ್ಚೀಫು. ಒಂದು ಜೆಸ್ಸಿ ಅತ್ತರೆ ಕೊಡಲಿಕ್ಕೆ, ಇನ್ನೊಂದು ತಾನು ಅತ್ತರೆ. ಪರದೆಯ ಮೇಲೆ ಮಗು ಕೈ ಬೀಸುತ್ತದೆ, ತಾನು ಹೆಂಡತಿಯ ಹಣೆಗೆ ಮುತ್ತು ಕೊಡುತ್ತೇನೆ, ಹಿಂದಿನಿಂದ ಯಾರಾದರೂ ಪಿಟೀಲು ಬಾರಿಸುತ್ತಾರೆ ಎಂದೆಲ್ಲ ಅಂದುಕೊಂಡಿದ್ದ. ಆದದ್ದು ಬೇರೆ. ಜೆಸ್ಸಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಗೋಡೆಗೆ ಒರಗಿಸಿ ಎತ್ತರ ಅಳೆದರು, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದರು, ಕೈಗೊಂದು ಪುಟ್ಟ ಡಬ್ಬಿ ಕೊಟ್ಟು ಬಾತ್‌ರೂಮಿಗೆ ಕಳಿಸಿದರು. ಆಮೇಲೆ ಪ್ರಶ್ನೆಗಳು. ಕಡೆಯ ಸಲ ಮುಟ್ಟಾದದ್ದು ಯಾವಾಗ, ವಾಂತಿ ಉಂಟಾ, ಊಟ ಸೇರುತ್ತದಾ, ಹಿಂದೆ ಯಾವತ್ತಾದರೂ ಬಸುರಾಗಿದ್ದೀರಾ.

"ಒಂದು ಸಲ. ಉಳಿಯಲಿಲ್ಲ," ಎಂದಳು ಜೆಸ್ಸಿ, ಮೇಜು ನೋಡುತ್ತ.

ಸಿಸ್ಟರ್ ಬರೆಯುವುದನ್ನು ನಿಲ್ಲಿಸಿ ಅವಳ ಕೈ ಮೇಲೆ ಕೈ ಇಟ್ಟರು. "ಅದು ನೀವು ಮಾಡಿದ ಯಾವುದರಿಂದಲೂ ಆದದ್ದಲ್ಲ. ತುಂಬ ಜನರಿಗೆ ಆಗುತ್ತದೆ, ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೇ."

ಯಾರೂ ಹೇಳಿಕೊಳ್ಳುವುದಿಲ್ಲ ಎಂಬ ಮಾತಿಗೆ ಲಾಯ್ಡ್‌ನ ಕಿವಿ ಕೆಂಪಾಯಿತು. ಅವನಿಗೆ ಕಾರ್ಕಳದಲ್ಲಿ ಇನ್ವರ್ಟರ್ ಬ್ಯಾಟರಿಯ ಅಂಗಡಿ. ಅದರ ಜೊತೆಗೆ ಮದುವೆ ರಿಸೆಪ್ಷನ್‌ಗಳಲ್ಲಿ ಮೈಕ್ ಹಿಡಿಯುವ ಚಟ. ಎಳ್ಳುಕಾಳೂ ನೆನೆಯದ ಬಾಯಿ. ಹಿಂದಿನ ಸಲ ಜೆಸ್ಸಿ ವಿಷಯ ತಿಳಿಸಿದ ಮರುದಿನವೇ ಯಾರದೋ ಮದುವೆಯಲ್ಲಿ, ಕೇಕ್ ಕತ್ತರಿಸಿ ಟೋಸ್ಟ್ ಹೇಳುವ ನಡುವೆ, ಇಡೀ ಹಾಲಿಗೆ ಘೋಷಿಸಿಬಿಟ್ಟಿದ್ದ. ಚಪ್ಪಾಳೆ ಬಿತ್ತು. ಕೆಲವು ವಾರಗಳಲ್ಲಿ ಎಲ್ಲ ಮುಗಿದುಹೋದಾಗ, ಆ ಚಪ್ಪಾಳೆ ತಟ್ಟಿದವರೆಲ್ಲ ಸಮಾಧಾನ ಹೇಳಲಿಕ್ಕೆ ಬಂದರು. ಜೆಸ್ಸಿ ಬಹಳ ದಿನ ಇಗರ್ಜಿಗೆ ಹಿಂಬದಿ ಬಾಗಿಲಿನಿಂದ ಹೋಗಿ ಹಿಂಬದಿಯಿಂದಲೇ ಬರುತ್ತಿದ್ದಳು.

ಈ ಸಲ ಅವಳು ಮೊದಲೇ ಹೇಳಿದ್ದಳು: "ಮೂರು ತಿಂಗಳು ತುಂಬುವ ತನಕ ನಿನ್ನ ಬಾಯಿಯಿಂದ ಒಂದು ಶಬ್ದ ಹೊರಗೆ ಬಂದರೆ ನಾನು ಕಾಪುವಿಗೆ, ಮಮ್ಮಿಯ ಮನೆಗೆ. ಹೆರಿಗೆ ಆದ ಮೇಲೆ ನಿನಗೆ ವಾಟ್ಸಾಪ್ ಬರುತ್ತದೆ."

ಲಾಯ್ಡ್ ಪ್ರಮಾಣ ಮಾಡಿದ್ದ. ಹಾಗಾಗಿಯೇ ಊರಿನ ಆಸ್ಪತ್ರೆ ಬಿಟ್ಟು ಹಿರಿಯಡ್ಕ, ಪರ್ಕಳ, ಮಣಿಪಾಲ ಎಲ್ಲ ದಾಟಿ ಇಲ್ಲಿಗೆ ಬಂದದ್ದು. ತನ್ನ ಅಮ್ಮ ಎವ್ಜಿನ್ ಬಾಯಿಯ ಹತ್ತಿರ ಅವನು ಹೇಳಿದ್ದು ಉಡುಪಿಗೆ ಸೀರೆ ತರಲಿಕ್ಕೆ ಎಂದು. "ಗುಂಡಿ ನೋಡಿ ನಿಧಾನ ಬಿಡು," ಎಂದಷ್ಟೇ ಹೇಳಿ ಅಮ್ಮ ಕಳಿಸಿಕೊಟ್ಟಿದ್ದಳು.

ಈಗ ಶುಗರ್ ವಿಷಯ ಅಮ್ಮನನ್ನೇ ಕೇಳಬೇಕಿತ್ತು. ಲಾಯ್ಡ್ ಫೋನ್ ಹಿಡಿದು ಜಗಲಿಗೆ ಬಂದ.

"ಮಮ್ಮಿ, ಪಪ್ಪನ ಮನೆಯಲ್ಲಿ ಯಾರಿಗಾದರೂ ಶುಗರ್ ಇತ್ತಾ?"

"ಸೀರೆ ಅಂಗಡಿಯಲ್ಲಿ ಇದನ್ನೆಲ್ಲ ಕೇಳುತ್ತಾರಾ?"

"ಅಲ್ಲ, ಒಬ್ಬ ಫ್ರೆಂಡ್ ಸಿಕ್ಕಿದ. ಅವನು ಕೇಳಿದ."

"ಅವನಿಗೆ ನಿನ್ನ ಪಪ್ಪನ ಶುಗರ್ ಯಾಕೆ ಮಾರಾಯ?"

"ಇತ್ತಾ, ಇಲ್ವಾ?"

"ಅಜ್ಜನಿಗೆ ಇತ್ತು. ಪಪ್ಪನಿಗೂ ಕೊನೆಗಾಲಕ್ಕೆ ಬಂತು."

ಒಳಗೆ ಹೋಗಿ ಹೇಳಿದ. ಸಿಸ್ಟರ್ ಬರೆದುಕೊಂಡು, "ಫಿಟ್ಸ್?" ಎಂದರು. ಹೊರಗೆ ಬಂದ. "ಹುಟ್ಟುವಾಗಲೇ ಹೃದಯದ ತೊಂದರೆ ಇದ್ದವರು?" ಮತ್ತೆ ಹೊರಗೆ. "ಪದೇ ಪದೇ ರಕ್ತ ಕೊಡಿಸಬೇಕಾದ ಕಾಯಿಲೆ?" ಮತ್ತೆ ಹೊರಗೆ. ಅಂಗಾತ ಬಿದ್ದ ಆಮೆಯ ಹಾಗೆ ಅವನಿಗೆ ಯಾವ ಕಡೆ ಹೊರಳಬೇಕೆಂದು ತಿಳಿಯದಾಯಿತು.

"ಎಲ್ಲ ಒಟ್ಟಿಗೇ ಕೇಳಬಹುದಿತ್ತಲ್ಲ ಸಿಸ್ಟರ್?" ಎಂದಳು ಜೆಸ್ಸಿ ಮೆಲ್ಲಗೆ.

"ಕೇಳಬಹುದಿತ್ತು. ಆದರೆ ನಿಮ್ಮ ಯಜಮಾನರು ಕೂತಲ್ಲೇ ತುಂಬ ಬೆವರುತ್ತಿದ್ದಾರೆ. ನಡೆಯಲಿ, ಸ್ವಲ್ಪ ಗಾಳಿ ಸಿಗುತ್ತದೆ."

ಕೊನೆಯ ಕರೆಯಲ್ಲಿ ಎವ್ಜಿನ್ ಬಾಯಿಯ ದನಿ ನೂಲಿನಷ್ಟು ಸಣ್ಣಗಾಗಿತ್ತು.

"ಪುತಾ, ನನ್ನ ಹತ್ತಿರ ಮುಚ್ಚಿಡಬೇಡ. ಡಾಕ್ಟರ್ ಎಂತ ಹೇಳಿದರು?"

"ಯಾವ ಡಾಕ್ಟರ್ ಮಮ್ಮಿ? ಇಲ್ಲಿ ಡಾಕ್ಟರ್ ಇಲ್ಲ."

"ದೇವಾ! ಡಾಕ್ಟರೂ ಕೈಬಿಟ್ಟರಾ?"

ಲಾಯ್ಡ್ ಫೋನ್ ಇಟ್ಟ. ಗುಟ್ಟು ಮಾತ್ರ ಹೊರಗೆ ಬಿದ್ದಿರಲಿಲ್ಲ. ತನ್ನ ಮೇಲೆ ತನಗೇ ಸ್ವಲ್ಪ ಗೌರವ ಹುಟ್ಟಿತು.

ಆ ಗೌರವ ಒಳಗೆ ಹೋಗುವಷ್ಟರಲ್ಲಿ ಮುಗಿಯಿತು.

"ಜೆಸ್ಸಿಯವರದ್ದು ನೆಗೆಟಿವ್ ಗ್ರೂಪ್. ನಿಮ್ಮದು ಯಾವ ರಕ್ತ?" ಎಂದರು ಸಿಸ್ಟರ್.

'ಕೆಂಪು' ಎಂಬ ಶಬ್ದ ತುಟಿಯ ತನಕ ಬಂದದ್ದನ್ನು ಲಾಯ್ಡ್ ಕಷ್ಟಪಟ್ಟು ನುಂಗಿಕೊಂಡ. "ಗೊತ್ತಿಲ್ಲ."

"ಹಾಗಾದರೆ ಪಕ್ಕದ ಲ್ಯಾಬಿನಲ್ಲಿ ಕೊಟ್ಟು ಬನ್ನಿ. ನಿಮ್ಮದು ಪಾಸಿಟಿವ್ ಆದರೆ ಮುಂದೆ ಒಂದು ಇಂಜೆಕ್ಷನ್ ಬೇಕಾಗುತ್ತದೆ."

"ನನಗಾ?"

"ಹೆದರಬೇಡಿ, ಅವರಿಗೆ."

ಲ್ಯಾಬಿನಲ್ಲಿ ಜೆಸ್ಸಿ ತನ್ನ ರಕ್ತಪರೀಕ್ಷೆಗೆ ಸೂಜಿ ಚುಚ್ಚಿಸಿಕೊಳ್ಳುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಲಾಯ್ಡ್ ತನ್ನ ಸರದಿಯಲ್ಲಿ ಅಪ್ಪಿತಪ್ಪಿ ಸೂಜಿಯನ್ನೇ ನೋಡಿದ. ಬ್ಯಾಟರಿ ಸತ್ತ ಇನ್ವರ್ಟರಿನ ಹಾಗೆ ಒಮ್ಮೆ ಕೀಂಯ್ ಎಂದು ಆರಿಹೋದ. ಆರುವಾಗ ಹಣೆ ಮೇಜಿನ ಅಂಚಿಗೆ ತಾಗಿತು. ಎಚ್ಚರವಾದಾಗ ಹಣೆಯ ಮೇಲೊಂದು ಪ್ಲಾಸ್ಟರ್, ತೋಳಿನಲ್ಲಿ ಹತ್ತಿ, ಮೂಗಿನ ಹತ್ತಿರ ಜೆಸ್ಸಿಯ ಮುಖ.

"ಬಸುರಿ ಯಾರು, ನಾನಾ ನೀನಾ?" ಎಂದಳು ಅವಳು.

ಫೋಲಿಕ್ ಆಸಿಡ್ ಮಾತ್ರೆ ಕೊಡಿಸಿಕೊಂಡು, ಮುಂದಿನ ವಾರ ಸ್ಕ್ಯಾನಿಂಗಿಗೆ ಬರುವುದೆಂದು ಗೊತ್ತುಮಾಡಿಕೊಂಡು ಅವಳು ಕಾರಿಗೆ ಹೋಗಿ ಕೂತಳು. ಲಾಯ್ಡ್ ಲ್ಯಾಬಿನ ಎದುರಿನ ಬೊಂಡದ ಗಾಡಿಯ ಹತ್ತಿರ ನಿಂತು ಎಳನೀರಿಗೆ ಬಾಯಿ ಹಚ್ಚಿದ. ಆಗಲೇ ಬೆನ್ನ ಹಿಂದೆ ಒಂದು ಪರಿಚಯದ ದನಿ ಕೇಳಿಸಿತು.

"ಎಂತ ಮಾರಾಯ ಲಾಯ್ಡ್! ನೀನು ಇಲ್ಲಿ?"

ಊರಲ್ಲಿ, ಕುಕ್ಕುಂದೂರಿನಲ್ಲಿ, ಇವರ ಪಕ್ಕದ ಮನೆಯ ಧರ್ಮಪಾಲಣ್ಣ. ಕೈಯಲ್ಲಿ ಕಡಿಯಾಳಿ ದೇವಸ್ಥಾನದ ಪ್ರಸಾದ. ಬಸ್ಸಿನ ಏಜೆಂಟನಾಗಿ ವರ್ಷಗಟ್ಟಲೆ ಊರ ಹೆಸರು ಕೂಗಿದ್ದ ಮನುಷ್ಯ. ಈಗ ಬಸ್ಸು ಬಿಟ್ಟಿದ್ದಾನೆ, ಕೂಗುವುದನ್ನು ಬಿಟ್ಟಿಲ್ಲ. ಅವನ ಕಣ್ಣು ಲ್ಯಾಬಿನ ಬೋರ್ಡಿನಿಂದ ತೋಳಿನ ಹತ್ತಿಗೆ, ಹತ್ತಿಯಿಂದ ಹಣೆಯ ಪ್ಲಾಸ್ಟರಿಗೆ ಹೋಯಿತು. ಅಲ್ಲಿಂದ ಪಕ್ಕದ ಹೆರಿಗೆ ಕ್ಲಿನಿಕ್ಕಿನ ಬೋರ್ಡಿಗೆ ಇನ್ನೊಂದೇ ಹೆಜ್ಜೆ. ಲಾಯ್ಡ್ ಅಡ್ಡ ಬಂದು ನಿಂತ.

"ನನಗೇ ಧರ್ಮಪಾಲಣ್ಣ. ನನ್ನದೇ ಒಂದು ಟೆಸ್ಟ್."

"ಎಂತದ್ದು?"

"ರಕ್ತದ್ದು."

"ಬಿದ್ದೆಯಾ?"

"ಸ್ವಲ್ಪ... ಕಣ್ಣು ಕತ್ತಲೆ ಬಂತು."

"ಯಾರಿಗೂ ಹೇಳುವುದಿಲ್ಲ, ಆಯ್ತಾ," ಎಂದ ಧರ್ಮಪಾಲಣ್ಣ, ಅವನ ಭುಜ ತಟ್ಟಿ. ಜೇಬಿನಿಂದ ಫೋನ್ ತೆಗೆಯುತ್ತಲೇ ಆಚೆ ನಡೆದ.

ಕಾರಿನಲ್ಲಿ ಲಾಯ್ಡ್ ನಡೆದದ್ದನ್ನೆಲ್ಲ ಹೆಮ್ಮೆಯಿಂದ ವರದಿ ಮಾಡಿದ. "ನನ್ನನ್ನೇ ರೋಗಿ ಮಾಡಿಕೊಂಡೆ ಜೆಸ್ಸಿ. ನಿನ್ನ ಹೆಸರು ಎತ್ತಲಿಲ್ಲ!"

ಜೆಸ್ಸಿ ನಕ್ಕಳು. ಅವನ ಹಣೆಯ ಪ್ಲಾಸ್ಟರನ್ನು ಬೆರಳಲ್ಲಿ ಸವರಿದಳು. "ನಿನ್ನಿಂದ ಆಗುವುದಿಲ್ಲ ಅಂದುಕೊಂಡಿದ್ದೆ, ಮಾರಾಯ," ಎಂದಳು. ಹಿರಿಯಡ್ಕದ ತನಕ ಲಾಯ್ಡ್‌ಗೆ ರಸ್ತೆಯ ಗುಂಡಿಗಳೂ ಹೂವಿನ ಹಾಗೆ ಕಂಡವು.

ಮನೆಯ ಮೆಟ್ಟಿಲ ಮೇಲೆ ಚಪ್ಪಲಿಗಳು ಸಾವಿನ ಮನೆಯ ಲೆಕ್ಕದಲ್ಲಿ ಬಿದ್ದಿದ್ದವು. ಒಳಗೆ ಎವ್ಜಿನ್ ಬಾಯಿ ಜಪಮಾಲೆ ಹಿಡಿದು ಕೂತಿದ್ದಳು. ಕಾಪುವಿನಿಂದ ಜೆಸ್ಸಿಯ ಅಮ್ಮ ಬಸ್ಸು ಹಿಡಿದು ಬಂದಿಳಿದಿದ್ದಳು, ಒಂದು ಚೀಲ ಬಂಗುಡೆ ಮೀನಿನ ಸಮೇತ. ಧರ್ಮಪಾಲಣ್ಣ ಮೊದಲೇ ತಲುಪಿ ಒಳ್ಳೆಯ ಕುರ್ಚಿ ಹಿಡಿದಿದ್ದ. ಅವನ ಹೆಂಡತಿ ಸುಗಂಧಿಯಕ್ಕ ಕಿರಾತಕಡ್ಡಿಯ ಕಹಿ ಕಷಾಯವನ್ನು ದೊಡ್ಡ ಲೋಟದಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅದರ ವಾಸನೆಗೇ ನಾಲಗೆ ಮಡಚಿಕೊಳ್ಳುವಂತಿತ್ತು.

"ಮಲಗಿಸಿ, ಮಲಗಿಸಿ," ಎಂದರು ಎಲ್ಲರೂ. ಲಾಯ್ಡ್‌ನನ್ನು ಮಂಚಕ್ಕೆ ಹಾಕಿದರು. ಅತ್ತೆ ಅವನ ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತವೇ ಇಲ್ಲ," ಎಂದಳು. ಧರ್ಮಪಾಲಣ್ಣ ತನ್ನ ಭಾವನಿಗೂ ಹೀಗೇ ಶುರುವಾದದ್ದು ಎಂದ. ಭಾವ ಈಗ ಎಲ್ಲಿದ್ದಾನೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಲಾಯ್ಡ್ ಬಾಯಿ ಬಿಡಲಿಲ್ಲ. ಕಷಾಯದ ಮೊದಲ ಗುಟುಕನ್ನೂ ಕುಡಿದ. ಜೆಸ್ಸಿ ಬಾಗಿಲ ಮರೆಯಿಂದ ಕಣ್ಣಲ್ಲೇ 'ಶಾಭಾಸ್' ಎಂದಳು.

ಆದರೆ ಎವ್ಜಿನ್ ಬಾಯಿ ಹತ್ತಿರ ಬಂದು ಕೂತು, ಸೆರಗಿನಿಂದ ಕಣ್ಣೊತ್ತಿಕೊಂಡು, "ಪುತಾ, ಅಂಗಡಿ ಮಾರುವ. ಮಂಗಳೂರಿಗೆ ದೊಡ್ಡ ಆಸ್ಪತ್ರೆಗೆ ಹೋಗುವ. ನಿನ್ನ ಪಪ್ಪನನ್ನು ಉಳಿಸಿಕೊಳ್ಳಲಿಕ್ಕೆ ಆಗಲಿಲ್ಲ, ನಿನ್ನನ್ನು ಬಿಡುವುದಿಲ್ಲ," ಎಂದು ಬಿಕ್ಕಿದಾಗ ಅವನ ಕಟ್ಟೆ ಒಡೆಯಿತು. ಅಮ್ಮ ಅಳುವುದನ್ನು ನೋಡಿಯೂ ಬಾಯಿ ಮುಚ್ಚಿಕೊಂಡಿರಲಿಕ್ಕೆ ಅವನು ಕಲ್ಲಾಗಿರಲಿಲ್ಲ. ಎದ್ದು ನಿಂತ. ಮೈಕ್ ಇಲ್ಲದೆಯೂ ರಸ್ತೆಗೆ ಕೇಳುವ ದನಿಯಲ್ಲಿ ಕೂಗಿದ:

"ನನಗೆ ಎಂತದೂ ಆಗಲಿಲ್ಲ! ಬಸುರಾದದ್ದು ಜೆಸ್ಸಿ!"

ಲಾಯ್ಡ್ ಚಪ್ಪಾಳೆಗೆ ಕಾದ. ಚಪ್ಪಾಳೆ ಬರಲಿಲ್ಲ.

"ಅದು ಗೊತ್ತುಂಟಲ್ಲ," ಎಂದಳು ಎವ್ಜಿನ್ ಬಾಯಿ, ಮೂಗು ಒರೆಸಿಕೊಳ್ಳುತ್ತ. "ನಾವು ಕೇಳಿದ್ದು ನಿನ್ನ ವಿಷಯ."

"ಗೊತ್ತುಂಟಾ? ಹೇಗೆ?"

"ನನಗೆ ಕಾಪುವಿನವರು ಹೇಳಿದರು. ನಾನು ಸುಗಂಧಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ."

"ನಾನು ಇವರಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ," ಎಂದು ಸುಗಂಧಿಯಕ್ಕ ಗಂಡನನ್ನು ತೋರಿಸಿದಳು.

"ನಾನಂತೂ ಯಾರಿಗೂ ಹೇಳಲೇ ಇಲ್ಲ," ಎಂದ ಧರ್ಮಪಾಲಣ್ಣ. ಇದನ್ನು ಯಾರೂ ನಂಬಲಿಲ್ಲ.

ಜೆಸ್ಸಿ ಹೊರಗೆ ಬಂದು ತನ್ನ ಅಮ್ಮನ ಕಡೆ ತಿರುಗಿದಳು. "ಮಮ್ಮಿ, ನಾನು ನಿಮಗೊಬ್ಬರಿಗೆ ಹೇಳಿದ್ದಲ್ವಾ?"

"ಸಂಬಂಧಿಗಳಿಗೆ ಒಂದು ಮಾತು ಹೇಳದಿದ್ದರೆ ನಾಳೆ ಅವರು ಎಂತ ಅಂದುಕೊಳ್ಳುವುದಿಲ್ಲ?" ಎಂದಳು ಅವಳ ಅಮ್ಮ. "ಆದರೆ ನೋಡು, ಇಷ್ಟು ದಿನ ಯಾರಾದರೂ ಬಂದು ನಿನಗೆ ಒಂದು ಮಾತು ಕೇಳಿದರಾ? ಎಲ್ಲರೂ ಹೊಟ್ಟೆಯಲ್ಲಿ ಇಟ್ಟುಕೊಂಡರು. ಬೀದಿಗೆ ಕೇಳುವ ಹಾಗೆ ಕೂಗಿದ್ದು ನಿನ್ನ ಗಂಡ ಒಬ್ಬನೇ."

ಎಲ್ಲರೂ ಲಾಯ್ಡ್‌ನ ಕಡೆಗೆ ನೋಡಿದರು. ಗೇಟಿನ ಹೊರಗೆ ಹೋಗುತ್ತಿದ್ದ ಇಬ್ಬರೂ ನಿಂತು ನೋಡಿದರು.

"ಅಯ್ಯೋ, ನನ್ನ ರಕ್ತ ತೆಗೆದದ್ದೂ ಮಗುವಿಗಾಗಿ!" ಎಂದು ಲಾಯ್ಡ್ ಅಂಗಲಾಚಿದ. "ಶುಗರ್ ಕೇಳಿದ್ದೂ, ಫಿಟ್ಸ್ ಕೇಳಿದ್ದೂ ಅದಕ್ಕೇ. ಮೊದಲ ಸಲ ಹೋದರೆ ಗಂಡನ ಕಡೆಯದ್ದನ್ನೆಲ್ಲ ಕೇಳುತ್ತಾರೆ."

ಎವ್ಜಿನ್ ಬಾಯಿ, ಅತ್ತೆ, ಸುಗಂಧಿಯಕ್ಕ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಯ್ಯೋ ಪಾಪ ಎನ್ನುವ ನೋಟ ಅದು.

"ನಾವೆಲ್ಲ ಹೆತ್ತವರೇ ಅಲ್ವಾ ಪುತಾ," ಎಂದಳು ಎವ್ಜಿನ್ ಬಾಯಿ, ಅವನ ತಲೆ ನೇವರಿಸಿ. "ನಮ್ಮ ಗಂಡಂದಿರ ರಕ್ತ ಯಾರು ತೆಗೆದರು? ಹೊಟ್ಟೆಯಲ್ಲಿರುವುದು ಅವಳಿಗೆ, ಚುಚ್ಚಿದ್ದು ನಿನಗೆ. ಬಸುರಿ ಹೆದರುತ್ತಾಳೆ ಅಂತ ನೀನು ಎಲ್ಲವನ್ನೂ ನುಂಗಿಕೊಂಡಿದ್ದೀ. ಒಳ್ಳೆಯ ಮಗ ನೀನು. ಮಲಗು."

ಲಾಯ್ಡ್ ಹೆಂಡತಿಯ ಕಡೆ ನೋಡಿದ. ಅವಳು ಒಂದು ಮಾತು ಹೇಳಿದರೆ ಸಾಕಿತ್ತು.

ಜೆಸ್ಸಿ ಗೇಟಿನ ಹೊರಗೆ ಇನ್ನೂ ನಿಂತಿದ್ದ ಇಬ್ಬರನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಸುಗಂಧಿಯಕ್ಕನ ಕೈಯಿಂದ ಲೋಟ ತೆಗೆದುಕೊಂಡು ಬಂದು ಅವನ ಕೈಗಿಟ್ಟಳು.

"ಇದನ್ನು ಎಷ್ಟು ದಿನ ಕೊಡಬೇಕು ಜೆಸ್ಸಿ?" ಎಂದು ಕೇಳಿದಳು ಸುಗಂಧಿಯಕ್ಕ.

"ಮೂರು ತಿಂಗಳು ತುಂಬುವ ತನಕ," ಎಂದಳು ಜೆಸ್ಸಿ. "ಕುಡಿಯುವಷ್ಟು ಹೊತ್ತಾದರೂ ಇವನ ಬಾಯಿಗೆ ಒಂದು ಕೆಲಸ ಇರುತ್ತದೆ."