ಹಾಡಿದವನ ಹಕ್ಕು

ಮೀನಂಗಡಿಯ ಕೋಲ್ಮನ್‌ಗೆ ಬಾಯಿಲ್ಲವೆಂದಲ್ಲ. ಬಂಗುಡೆ ಮಾರುವಾಗ ಅವನ ಕೂಗು ಅರ್ಧ ಗಾಲ್ವೆ ಊರಿಗೆ ಕೇಳುತ್ತಿತ್ತು. ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ ಓರ್ಲಾ ಎದುರು ನಿಂತರೆ ಮಾತ್ರ ಬಾಯಿಗೆ ಬೀಗ.

ಆ ಭಾನುವಾರ ಮಧ್ಯಾಹ್ನ ಫೆಸ್ಟಸ್‌ನ ಪಬ್ಬಿನಲ್ಲಿ ಅವಳೇ ಹೇಳಿಬಿಟ್ಟಳು: "ಕಾರ್ಕ್ ಊರಿನ ಆ ಹಲ್ಲಿನ ಡಾಕ್ಟ್ರು ಮದ್ವೆ ಆಗ್ತೀಯಾ ಅಂತ ಕೇಳಿದಾರೆ. ಸಂಜೆ ಬಸ್ಸಿಗೆ ಹೊರಟಿದೀನಿ. ನಿಂಗೇನಾದ್ರೂ ಹೇಳೋದಿದ್ರೆ ಅಷ್ಟರೊಳಗೆ ಹೇಳು ಮಾರಾಯ."

ಮಾತಿನಲ್ಲಿ ಆಗದ್ದನ್ನು ಹಾಡಿನಲ್ಲಿ ಹೇಳುವುದೆಂದು ಕೋಲ್ಮನ್ ನಿಶ್ಚಯಿಸಿದ. ಆದರೆ ಅಲ್ಲಿನ ಭಾನುವಾರದ ಹಾಡಿನ ಕೂಟದಲ್ಲಿ ಮನಸ್ಸು ಬಂದಾಗ ಹಾಡುವ ಹಾಗಿಲ್ಲ. ಹಾಡಿ ಮುಗಿಸಿದವರು ಯಾರನ್ನು ಕರೆಯುತ್ತಾರೋ ಅವರದೇ ಮುಂದಿನ ಹಾಡು. "ನನ್ನ ಕರಿಯೋ," ಎಂದು ಪಕ್ಕದವನ ಕಿವಿಯಲ್ಲಿ ಗೋಗರೆದ. ಪಬ್ಬಿನಲ್ಲಿ ಗುಟ್ಟು ಉಳಿಯುವುದುಂಟೆ? ಗಳಿಗೆಯಲ್ಲಿ ಎಲ್ಲರಿಗೂ ತಿಳಿಯಿತು, ಎಲ್ಲರಿಗೂ ಅವನನ್ನು ಸತಾಯಿಸುವ ಚಪಲ ಹತ್ತಿತು.

"ಮುಂದಿನ ಹಾಡು..." ಎಂದು, ತನ್ನ ಹಾಡು ಮುಗಿಸಿದ ಪಕ್ಕದವನು ಕೋಲ್ಮನ್‌ನನ್ನೇ ನೋಡುತ್ತ, "ನಮ್ಮ ಫೆಸ್ಟಸ್!" ಎಂದ. ಪಬ್ಬೆಲ್ಲ ಗೊಳ್ಳೆಂದು ನಕ್ಕಿತು. ಫೆಸ್ಟಸ್ ಬಿಯರ್ ತುಂಬುತ್ತಲೇ ಹಾಡಿ, ವಿಧವೆ ಅಟ್ರಾಕ್ಟಾಳನ್ನು ಕರೆದ. ಅವಳೂ ನಿಧಾನವಾಗಿ ಹಾಡಿದಳು. ಕೊನೆಗೆ ಅವಳಿಗೇ ಕರುಣೆ ಬಂತು.

"ಪಾಪ, ಬೆವರ್ತಾ ಇದಾನೆ. ಹಾಡಪ್ಪ ಕೋಲ್ಮನ್."

ಕಣ್ಣು ಮುಚ್ಚಿ ಹಾಡುವುದು ಅಲ್ಲಿನ ರೂಢಿ. ಮನಸ್ಸು ಕರಗಿದವರು ಹಾಡುವವನ ಕೈ ಹಿಡಿದು ಮೆಲ್ಲಗೆ ತೂಗುವುದೂ ರೂಢಿಯೇ. ಒಂದೆರಡು ಚರಣ ಆಗುವಷ್ಟರಲ್ಲಿ ಮೆತ್ತನೆಯ ಕೈಯೊಂದು ಕೋಲ್ಮನ್‌ನ ಕೈ ಹಿಡಿಯಿತು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಉತ್ತರ ಸಿಕ್ಕಿತಲ್ಲ! ಅಲ್ಲಿಗೆ ನಿಲ್ಲಿಸುವುದು ಬಿಟ್ಟು, ಊರೇ ಮರೆತಿದ್ದ ಹಳೆಯ ಚರಣಗಳನ್ನೆಲ್ಲ ಹುಡುಕಿ ಹುಡುಕಿ ಹಾಡಿದ. ಹೊರಗೆ ಬಸ್ಸಿನ ಹಾರ್ನ್ ಕೇಳಿತು. 'ಕೂಗಿಕೊಂಡು ಖಾಲಿ ಹೋಗು,' ಎಂದುಕೊಂಡು ಇನ್ನೊಂದು ಚರಣ ಎತ್ತಿಕೊಂಡ.

ಹಾಡು ಮುಗಿಸಿ ಕಣ್ಣು ಬಿಟ್ಟ. ಕೈ ಅಟ್ರಾಕ್ಟಾಳದು.

"ಓರ್ಲಾ ಎಲ್ಲಿ?"

"ಬಾಗಿಲಲ್ಲೇ ನಿಂತು ಕಾದ್ಲಪ್ಪ," ಎಂದ ಫೆಸ್ಟಸ್. "'ಒಂದ್ಸಲ ಕಣ್ಣು ಬಿಡು ಅನ್ನಿ ಅವನಿಗೆ' ಅಂತ ಬೇಡ್ಕೊಂಡ್ಲು. ಹಾಡೋನನ್ನ ಯಾರಾದ್ರೂ ತಡೀತಾರಾ? ಅಳ್ತಾನೇ ಬಸ್ ಹತ್ತಿದ್ಲು. ಆದ್ರೂ ಇಂಥಾ ಹಾಡು ನೀನು ಜನ್ಮದಲ್ಲಿ ಹಾಡಿರ್ಲಿಲ್ಲ ಬಿಡು!"

ಎಲ್ಲರೂ ಮೇಜು ಗುದ್ದಿ ಮೆಚ್ಚಿದರು. ಕೋಲ್ಮನ್‌ಗೆ ಎದೆ ಒಡೆದುಹೋಗಿತ್ತು. ಅದನ್ನು ನೋಡಲು ಅಲ್ಲಿ ಯಾರಿಗೆ ಪುರಸೊತ್ತು?

"ಈಗ ಕರೆಯೋ ಹಕ್ಕು ನಿಂದು. ಯಾರನ್ನ ಕರೀತೀಯೋ?" ಎಂದ ಫೆಸ್ಟಸ್.

"ಓರ್ಲಾನ," ಎಂದ ಕೋಲ್ಮನ್.

"ಹೋದೋರನ್ನ ಕರೆಯೋ ಹಾಗಿಲ್ಲ ಕಣಪ್ಪ. ಇರೋರನ್ನ ಕರಿ," ಎಂದು ಅಟ್ರಾಕ್ಟಾ ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.